ನೀರು ಇಳಿದ ಮೇಲೆ ಬನ್ನಿ

ಘಟ್ಟದ ಮೇಲಿನ ಕಾಡಲ್ಲಿ ಹಕ್ಕಿ ನೋಡೋದು ಕಲಿತವರಿಗೆ ಒಂದು ಚಟ ಅಂಟಿಕೊಂಡಿರುತ್ತದೆ. ಬೆಳಕು ಹರಿಯೋ ಮೊದಲೇ ಎದ್ದು, ಕಾಫಿ ಕೂಡ ಕುಡಿಯದೆ ಹೊರಟುಬಿಡೋದು. ನಾನೂ ಅದೇ ಜಾತಿ. ಹೋದ ಡಿಸೆಂಬರ್‌ನಲ್ಲಿ ಹೊನ್ನಾವರಕ್ಕೆ ಹೋದಾಗ ಬೆಳಿಗ್ಗೆ ಆರೂವರೆಗೆಲ್ಲ ಬೈನಾಕ್ಯುಲರ್ ಕೊರಳಿಗೆ ಹಾಕ್ಕೊಂಡು ಕಾಸರಕೋಡಿನ ಹತ್ತಿರ, ಶರಾವತಿ ಸಮುದ್ರ ಸೇರೋ ಕಡೆ, ಕಾಂಡ್ಲಾ (ಮ್ಯಾಂಗ್ರೋವ್) ಕಾಡಿನ ಅಂಚಲ್ಲಿ ನಿಂತಿದ್ದೆ.

ನೀರು ತುಂಬಿತ್ತು. ಗಿಡಗಳ ಬೇರೆಲ್ಲ ಮುಳುಗಿ ಬರೀ ಎಲೆ ತೇಲುತ್ತಿರೋ ಹಾಗೆ ಕಾಣುತ್ತಿತ್ತು. ಒಂದೂವರೆ ಗಂಟೆ ಕಾದೆ. ಸಿಕ್ಕಿದ್ದು ಮೂರು ಬೆಳ್ಳಕ್ಕಿ, ಮೇಲೆ ಸುತ್ತು ಹಾಕುತ್ತಿದ್ದ ಒಂದು ಗರುಡ, ಮತ್ತೆ ಲೆಕ್ಕವಿಲ್ಲದಷ್ಟು ಸೊಳ್ಳೆ. ಇಷ್ಟಕ್ಕೆ ರಾತ್ರಿ ಬಸ್ಸಲ್ಲಿ ಸೊಂಟ ಮುರ್ಕೊಂಡು ಬರಬೇಕಿತ್ತಾ ಅಂತ ಬೇಜಾರಾಯಿತು.

ದೋಣಿ ತೊಳೆಯುತ್ತಿದ್ದ ಒಬ್ಬರು ನನ್ನನ್ನು ಆವಾಗಿಂದ ನೋಡ್ತಾ ಇದ್ದರು ಅನಿಸುತ್ತದೆ. "ಹಕ್ಕಿಗಾ? ಈಗ ಎಂತ ಸಿಕ್ತದೆ ಮಾರಾಯ್ರೇ, ನೀರು ಇಳೀಲಿ. ಹನ್ನೊಂದರ ಮೇಲೆ ಬನ್ನಿ" ಅಂದರು.

ಹನ್ನೊಂದಕ್ಕೆ ಹಕ್ಕಿ ನೋಡೋದಾ, ಆ ಬಿಸಿಲಲ್ಲಿ? ನಂಬಿಕೆ ಬರಲಿಲ್ಲ. ಆದರೂ ಬನ್ಸ್ ತಿಂದು, ಎರಡು ಟೀ ಕುಡಿದು ವಾಪಸ್ ಹೋದೆ.

ಜಾಗವೇ ಬೇರೆಯಾಗಿತ್ತು. ಬೆಳಿಗ್ಗೆ ನೀರಿದ್ದ ಕಡೆಯೆಲ್ಲ ಹೊಳೆಯೋ ಕೆಸರು, ಮೇಲೆದ್ದು ನಿಂತ ಬೇರು, ಮತ್ತು ಆ ಕೆಸರಿನ ತುಂಬ ಓಡಾಟ. ಬಾಲ ಕುಣಿಸಿಕೊಂಡು ಗದ್ದೆಗೊರವಗಳು. ನಾಲ್ಕು ಹೆಜ್ಜೆ ಓಡಿ ಗಕ್ಕನೆ ನಿಲ್ಲೋ ಸ್ಯಾಂಡ್ ಪ್ಲೋವರ್‌ಗಳು. ಇವು ಟಿಬೆಟ್ ಕಡೆಯ ಎತ್ತರದ ಬಯಲಲ್ಲಿ ಮರಿ ಮಾಡಿ, ಹಿಮಾಲಯ ದಾಟಿ ಇಲ್ಲಿಗೆ ಬಂದು ಕೆಸರು ಕೆದಕುತ್ತಿವೆ. (ಹಕ್ಕಿ ನೋಡಿದ್ದನ್ನು ದಾಖಲಿಸೋ ಇ-ಬರ್ಡ್ ಜಾಲತಾಣದವರು 2023ರಲ್ಲಿ ಇದೇ ಹಕ್ಕಿಯನ್ನು ಎರಡು ಪ್ರಭೇದ ಅಂತ ಒಡೆದರು, ನಮ್ಮ ಕಡೆ ಬರೋದಕ್ಕೆ ಈಗ ಟಿಬೆಟನ್ ಸ್ಯಾಂಡ್ ಪ್ಲೋವರ್ ಅಂತ ಹೆಸರು. ನನ್ನ ಹಳೇ ನೋಟ್‌ಬುಕ್ಕಿಗೆ ಇದು ಗೊತ್ತಿಲ್ಲ.)

ಖುಷಿಯಲ್ಲಿ ದಂಡೆಯಿಂದ ಕೆಳಗೆ ಒಂದು ಹೆಜ್ಜೆ ಇಟ್ಟೆ. ಮೊಣಕಾಲಿನವರೆಗೆ ಹೋಯಿತು. ಕಾಲು ಹೇಗೋ ಬಂತು, ಎಡಗಾಲಿನ ಚಪ್ಪಲಿ ಬರಲೇ ಇಲ್ಲ, ಇನ್ನೂ ಅಲ್ಲೇ ಇರಬೇಕು. ಅರಣ್ಯ ಇಲಾಖೆಯವರು ಕಾಂಡ್ಲಾ ಒಳಗೆ ಹಲಗೆಯ ದಾರಿ ಮಾಡಿರೋದು ಸುಮ್ನೆ ಅಲ್ಲ. ಬರಿಗಾಲಲ್ಲಿ ಅಲ್ಲಿಗೇ ಹೋದೆ.

ಅಲ್ಲಿ ಕಂಡದ್ದು ವಿಂಬ್ರೆಲ್. ಕೋಳಿ ಗಾತ್ರದ ಕಂದು ಹಕ್ಕಿ, ತಲೆ ಮೇಲೆ ಪಟ್ಟೆ, ಕೊಕ್ಕು ಉದ್ದಕ್ಕಿದ್ದು ತುದಿಯಲ್ಲಿ ಕೆಳಗೆ ಬಾಗಿದೆ. ಹದಿನೈದು ಅಡಿ ದೂರ ಇರಬಹುದು. ಅದರ ಮುಂದೆ ಏಡಿಗಳು, ಒಂದು ಕೊಂಬು ಮಾತ್ರ ದೈತ್ಯನ ಹಾಗೆ ಬೆಳೆದಿರುತ್ತಲ್ಲ, ಆ ಗಂಡುಗಳು, ಬಿಲದ ಬಾಯಲ್ಲಿ ನಿಂತು ಕೊಂಬು ಬೀಸುತ್ತಿದ್ದವು. ಹಕ್ಕಿ ಬಂದ ತಕ್ಷಣ ಎಲ್ಲ ಒಳಗೆ. ಅದು ಅವಸರ ಮಾಡಲಿಲ್ಲ. ಒಂದು ಬಿಲಕ್ಕೆ ಕೊಕ್ಕು ಇಳಿಸಿ, ತಲೆ ಸ್ವಲ್ಪ ತಿರುಗಿಸಿ, ಏಡಿಯನ್ನು ಹೊರಗೆ ಎಳೆಯಿತು. ಎರಡು ಸಲ ಜಾಡಿಸಿತು, ಕೊಂಬು ಕಳಚಿ ಬಿತ್ತು. ನೀರಿನ ಗುಂಡಿಯಲ್ಲಿ ಅದ್ದಿ ನುಂಗಿತು. ಬಿಲ ಬಾಗಿರುವ ಹಾಗೆ ಕೊಕ್ಕೂ ಬಾಗಿದೆ, ಬೀಗದ ಕೈ ಹಾಕಿದಂಗೆ.

ಆಮೇಲೆ ಒಂದು ಕರಿತಲೆ ಮಿಂಚುಳ್ಳಿನೂ ಸಿಕ್ಕಿತು. ಕರಿ ಟೋಪಿ, ಬಿಳಿ ಕೊರಳು, ನೇರಳೆ ಮಿಶ್ರಿತ ನೀಲಿ ಬೆನ್ನು, ಕೆಂಪು ಕೊಕ್ಕು. ಫೋಟೋ ಮಾತ್ರ ಕೇಳಬೇಡಿ, ಬಂದಿರೋದು ಬಾಲ ಅಷ್ಟೇ.

ದಿನಕ್ಕೆ ಎರಡು ಸಲ ಉಬ್ಬರ, ಎರಡು ಸಲ ಇಳಿತ, ಮತ್ತು ದಿನಾ ಸುಮಾರು 50 ನಿಮಿಷ ತಡ. ಅಮಾವಾಸ್ಯೆ ಹುಣ್ಣಿಮೆ ಆಸುಪಾಸು ನೀರು ಜಾಸ್ತಿ ಇಳಿಯುತ್ತದೆ, ಅಷ್ಟಮಿ ಹೊತ್ತಿಗೆ ಕಮ್ಮಿ. ಇದನ್ನೆಲ್ಲ ಶಾಲೆಯಲ್ಲಿ ಓದಿ ಮಾರ್ಕ್ಸ್ ತಗೊಂಡಿದ್ದೆ, ಹಕ್ಕಿಗೂ ಇದಕ್ಕೂ ಸಂಬಂಧ ಇದೆ ಅಂತ ಮಾತ್ರ ಹೊಳೆದಿರಲಿಲ್ಲ. ಮುಂದಿನ ಸಲ ಕುಮಟಾ ಕಡೆ, ಅಘನಾಶಿನಿ ಅಳಿವೆಗೆ ಹೋಗಬೇಕು. 2024ರಲ್ಲಿ ರಾಮ್ಸಾರ್ ಪಟ್ಟಿಗೆ, ಅಂದರೆ ಅಂತಾರಾಷ್ಟ್ರೀಯ ಮಹತ್ವದ ಜೌಗು ಪ್ರದೇಶಗಳ ಪಟ್ಟಿಗೆ, ಸೇರಿದ 4801 ಹೆಕ್ಟೇರ್ ಜಾಗ ಅದು. ಇಳಿತಕ್ಕೆ ಸರಿಯಾಗಿ ಅಲ್ಲಿ ಬಳಚು (ಚಿಪ್ಪುಮೀನು) ಹೆಕ್ಕೋಕೆ ಜನ ಇಳಿಯುತ್ತಾರೆ. ಅವರು ಹೊರಡೋ ಹೊತ್ತಿಗೇ ನಾನೂ ಹೊರಟರೆ ಸಾಕು, ಅಲ್ವಾ?

ಎರಡು ಗಂಟೆ ಹೊತ್ತಿಗೆ ನೀರು ಮೆಲ್ಲಗೆ ಏರತೊಡಗಿತು. ಏಡಿಗಳು ಕೆಸರಿನ ಉಂಡೆ ಎಳೆದುಕೊಂಡು ಒಂದೊಂದಾಗಿ ಬಿಲದ ಬಾಯಿ ಮುಚ್ಚಿಕೊಂಡವು. ನಾನು ಚಪ್ಪಲಿ ಅಂಗಡಿ ಹುಡುಕಿಕೊಂಡು ಹೊರಟೆ.