ಎಸ್460 ಪ್ಲೇಟು ಮತ್ತು ಅಗಲದ ವೀವಿಂಗು

ಜರ್ಮನ್ ಡ್ರಾಯಿಂಗಿನ ಮೂಲೆಯಲ್ಲಿ 'ಫೈನ್‌ಕೋರ್ನಿಗ್' ಅಂತಲೋ 'ಫೈನ್‌ಕಾರ್ನ್‌ಬೌಸ್ಟಾಲ್' ಅಂತಲೋ (ಸಣ್ಣ ಕಣದ ಉಕ್ಕು ಅಂತ ಅರ್ಥ) ಇದ್ದರೆ, ಪೀಣ್ಯದ ನಮ್ಮ ಶೆಡ್ಡಿನಲ್ಲಿ ಎಲ್ಲರ ಕಣ್ಣು ಹೋಗುವುದು ಪಕ್ಕದ ಗ್ರೇಡಿನ ಮೇಲೆ: ಎಸ್460ಎನ್‌ಎಲ್. ಗಟ್ಟಿ ಪ್ಲೇಟು, ಅಷ್ಟೇ ಅಂದುಕೊಳ್ಳುತ್ತಾರೆ. ವೆಲ್ಡಿಂಗ್ ಕ್ವಾಲಿಟಿ ನೋಡುವ ನನಗೆ ತಲೆನೋವು ಶುರುವಾಗುವುದು ಅಲ್ಲಿಂದಲೇ.

ಕಾರ್ಬನ್ ಏರಿಸಿದರೂ ಉಕ್ಕು ಗಟ್ಟಿಯಾಗುತ್ತದೆ. ಆದರೆ ಪೆಡಸಾಗುತ್ತದೆ, ವೆಲ್ಡಿಂಗಿಗೂ ಒಗ್ಗುವುದಿಲ್ಲ. ಒಳಗಿನ ಹರಳಿನ ಕಣ ಸಣ್ಣದಾದರೆ ಮಾತ್ರ ಬಲವೂ ಏರುತ್ತದೆ, ಚಳಿಯಲ್ಲಿ ಸೀಳದೆ ತಾಳುವ ಗುಣವೂ ಏರುತ್ತದೆ. ಎನ್‌ಎಲ್ ಗ್ರೇಡಿಗೆ ಮೈನಸ್ 50 ಡಿಗ್ರಿಯಲ್ಲಿ ಇಂಪ್ಯಾಕ್ಟ್ ಟೆಸ್ಟ್ (ಒಂದೇಟಿಗೆ ಹೊಡೆದು ತಾಳಿಕೆ ಅಳೆಯುವುದು) ಇಟ್ಟಿರುವುದು ಆ ಧೈರ್ಯದಿಂದಲೇ. ಕಣ ಬೆಳೆಯದಂತೆ ಹಿಡಿದಿಡುವುದು ಅಲ್ಯೂಮಿನಿಯಂ ನೈಟ್ರೈಡಿನಂಥ ಪುಡಿಗಣಗಳು. ಶಾಖ 1100 ಡಿಗ್ರಿ ಆಸುಪಾಸು ದಾಟಿದರೆ ಆ ಹಿಡಿತ ಸಡಿಲಾಗುತ್ತದೆ. ವೆಲ್ಡಿನ ಅಂಚಿಗೆ ಆಗುವುದು ಇದೇ.

"ಸಾರ್, ವೀವ್ ಮಾಡಿದ್ರೆ ಎರಡೇ ರನ್ನಲ್ಲಿ ತುಂಬ್ಕೊಳುತ್ತೆ, ಬೀಡೂ ನೀಟಾಗಿ ಬರುತ್ತೆ" ಅನ್ನುತ್ತಾರೆ ನಮ್ಮ ಹಿರಿಯ ವೆಲ್ಡರ್. ವೀವ್ ಅಂದರೆ ರಾಡನ್ನು ಅಡ್ಡಡ್ಡ ಆಡಿಸುತ್ತ ನಿಧಾನಕ್ಕೆ ಸಾಗುವುದು. ಸಾದಾ ಉಕ್ಕಿನಲ್ಲಿ ಅವರ ಮಾತಿಗೆ ನನ್ನದು ತಕರಾರಿಲ್ಲ. ಇಲ್ಲಿ ಲೆಕ್ಕ ಬೇರೆ. 25 ವೋಲ್ಟ್, 160 ಆಂಪಿಯರ್, ನಿಮಿಷಕ್ಕೆ 160 ಮಿ.ಮೀ. ಓಡಿಸಿದರೆ ಪ್ರತಿ ಮಿ.ಮೀ.ಗೆ 1.5 ಕಿಲೋಜೌಲ್. ಅದೇ ಕರೆಂಟಿನಲ್ಲಿ ಅಗಲಕ್ಕೆ ಆಡಿಸುತ್ತ 80ಕ್ಕೆ ಇಳಿದರೆ 3. ಮೀಟರಿನ ಮುಳ್ಳು ಅಲ್ಲಾಡಿರುವುದಿಲ್ಲ, ಶಾಖ ಮಾತ್ರ ಇಮ್ಮಡಿ.

ಹಾಗೆ ಮಾಡಿದ ತುಂಡನ್ನು ಕತ್ತರಿಸಿ, ಪಾಲಿಶ್ ಹಾಕಿ, ನೈಟಲ್ ಎಂಬ ಆಸಿಡ್ ದ್ರಾವಣ ಸವರಿ 100 ಪಟ್ಟಿನ ಮೈಕ್ರೋಸ್ಕೋಪಿನಡಿ ಅವರಿಗೇ ತೋರಿಸಿದೆ. ಪ್ಲೇಟಿನ ಕಡೆ ರವೆಯಂತೆ ಒತ್ತಾದ ಕಣ. ಅಂಚಿಗೆ ಬಂದಂತೆ ದಪ್ಪ ದಪ್ಪ. ಅಲ್ಟ್ರಾಸಾನಿಕ್‌ನಲ್ಲಿ ಆ ಜಾಯಿಂಟು ಆರಾಮಾಗಿ ಪಾಸ್! ಆ ಪರೀಕ್ಷೆ ಬಿರುಕು ಹುಡುಕುತ್ತದೆಯೇ ಹೊರತು ತಾಳಿಕೆ ಅಳೆಯುವುದಿಲ್ಲ. ಈ ಉಕ್ಕಿಗೆ ಬರೀ ಆ ರಿಪೋರ್ಟು ತೋರಿಸುವವರನ್ನು ನಾನಂತೂ ನಂಬುವುದಿಲ್ಲ.

ಹಾಗಂತ ಶಾಖವನ್ನು ತೀರಾ ಇಳಿಸಿದರೂ ಕಷ್ಟ: ಬೇಗ ತಣಿದ ಅಂಚು ಗಡಸಾಗಿ, ಹೈಡ್ರೋಜನ್ ಸೇರಿ, ಎರಡು ದಿನ ಬಿಟ್ಟು ಬಿರುಕು ಬಿಡಬಹುದು. ದಪ್ಪ ಪ್ಲೇಟಿಗೆ ಪ್ರೀಹೀಟ್ (ಮೊದಲೇ ಬಿಸಿ ಮಾಡುವುದು), ತೇವ ಆರಿಸಿ ಓವನ್ನಿನಿಂದ ತೆಗೆದ ಬಿಸಿ ರಾಡು, ಇವೆರಡನ್ನೂ ಬಿಡುವ ಹಾಗಿಲ್ಲ.

ವೆಲ್ಡರ್ ಕೈಗೆ ಕಿಲೋಜೌಲ್ ಕೊಟ್ಟು ಪ್ರಯೋಜನವಿಲ್ಲ. ರಾಡು ಬೇಗ ಓಡಿದಷ್ಟೂ ಶಾಖ ಕಡಿಮೆ; ಹಾಗಾಗಿ ಒಂದು ರಾಡು ಕನಿಷ್ಠ ಎಷ್ಟು ಉದ್ದ ಓಡಬೇಕು ಅಂತ ಟ್ರಯಲ್ ಪೀಸಿನಲ್ಲಿ ಅಳೆದು, ಅಷ್ಟು ದೂರಕ್ಕೆ ಪ್ಲೇಟಿನ ಮೇಲೆ ಚಾಕ್‌ನಲ್ಲಿ ಗೆರೆ ಎಳೆದುಕೊಡುತ್ತೇವೆ. ರಾಡು ಮುಗಿಯುವಷ್ಟರಲ್ಲಿ ಗೆರೆ ದಾಟಿರಬೇಕು.