ಪಾಲಿನ ದಾವೆ ರಾಜಿಯಾದ ಮೇಲೂ ಪಹಣಿ ಯಾಕೆ ಬದಲಾಗುವುದಿಲ್ಲ?

ಅಣ್ಣತಮ್ಮಂದಿರ ಪಾಲಿನ ದಾವೆ ವರ್ಷಗಟ್ಟಲೆ ಎಳೆದು ಕೊನೆಗೆ ರಾಜಿಯಲ್ಲಿ ಮುಗಿಯುವುದು ನಮ್ಮ ತಾಲೂಕು ಕೋರ್ಟುಗಳಲ್ಲಿ ದಿನನಿತ್ಯದ ಮಾತು. ನ್ಯಾಯಾಧೀಶರು ಷರತ್ತುಗಳನ್ನು ಓದಿ ಹೇಳುತ್ತಾರೆ, ಎಲ್ಲರೂ ಒಪ್ಪಿ ಸಹಿ ಹಾಕುತ್ತಾರೆ, ಸಹಿ ಬಾರದವರು ಹೆಬ್ಬೆಟ್ಟು ಒತ್ತುತ್ತಾರೆ, ಡಿಕ್ರಿ ಆಗುತ್ತದೆ. ಆ ಡಿಕ್ರಿಯ ನಕಲು ಹಿಡಿದು ತಾಲೂಕು ಕಚೇರಿಗೆ ಹೋದರೆ ಸಿಗುವುದು ಒಂದು ಹಿಂಬರಹ: ವಿಸ್ತೀರ್ಣ ತಾಳೆಯಾಗುತ್ತಿಲ್ಲ, ನಕ್ಷೆ ಇಲ್ಲ, ಇಂಥವರ ಹೆಸರು ಪಹಣಿಯಲ್ಲಿದೆ ಆದರೆ ಡಿಕ್ರಿಯಲ್ಲಿಲ್ಲ. ಮುಗಿಯಿತು ಅಂದುಕೊಂಡ ಜಗಳ ಅಲ್ಲಿಂದ ಮತ್ತೆ ಶುರು.

ತಪ್ಪು ಎಲ್ಲಿ ಆಗುತ್ತದೆ ಅಂದರೆ ರಾಜಿ ಅರ್ಜಿ ಬರೆಯುವ ದಿನ. ಅದನ್ನು ನ್ಯಾಯಾಧೀಶರು ಓದುತ್ತಾರೆ ಎಂದುಕೊಂಡು ಬರೆಯುತ್ತಾರೆ. ಆದರೆ ಅದನ್ನು ಕೊನೆಗೆ ಸಾಲುಸಾಲಾಗಿ ಓದಿ ಜಮೀನಿನ ಮೇಲೆ ಗೆರೆ ಎಳೆಯಬೇಕಾದವರು ಸರ್ವೆಯವರು. ಅವರಿಗೆ ಅರ್ಥವಾಗದ ರಾಜಿ ಕಾನೂನಿನಲ್ಲಿ ಎಷ್ಟೇ ಗಟ್ಟಿಯಾಗಿದ್ದರೂ ಹೊಲದಲ್ಲಿ ಕೆಲಸಕ್ಕೆ ಬರುವುದಿಲ್ಲ.

ಭೂಮಾಪನ, ಕಂದಾಯ ವ್ಯವಸ್ಥೆ ಮತ್ತು ಭೂದಾಖಲೆಗಳ ಇಲಾಖೆಯನ್ನು ಹಳ್ಳಿಯಲ್ಲಿ ಈಗಲೂ ಸರ್ವೆ ಸೆಟ್ಲ್‌ಮೆಂಟ್ ಅನ್ನುವುದುಂಟು. 19ನೇ ಶತಮಾನದಲ್ಲಿ ಮುಂಬೈ ಪ್ರಾಂತ್ಯದಲ್ಲೂ ಆಮೇಲೆ ಮೈಸೂರು ಸಂಸ್ಥಾನದಲ್ಲೂ ಪ್ರತಿ ಹೊಲವನ್ನೂ ಅಳೆದು, ನಂಬರು ಕೊಟ್ಟು, ಕಂದಾಯ ಕಟ್ಟಿದ ಆ ಕೆಲಸದ ಫಲವೇ ಇಂದಿನ ಸರ್ವೆ ನಂಬರು, ಟಿಪ್ಪಣಿ (ಹೊಲದ ಅಳತೆಯ ಮೂಲ ನಕ್ಷೆ) ಮತ್ತು ಆಕಾರಬಂದ್ (ಪ್ರತಿ ನಂಬರಿನ ವಿಸ್ತೀರ್ಣ, ಕಂದಾಯ ಬರೆದಿಟ್ಟ ಮೂಲ ದಾಖಲೆ). ಅಳತೆ ನಡೆದದ್ದು 33 ಅಡಿಯ ಸರಪಳಿಯಲ್ಲಿ. ಒಂದು ಸರಪಳಿ ಉದ್ದ, ಒಂದು ಸರಪಳಿ ಅಗಲ ಸೇರಿದರೆ 1,089 ಚದರಡಿ, ಅಂದರೆ ಒಂದು ಗುಂಟೆ. 40 ಗುಂಟೆಗೆ ಒಂದು ಎಕರೆ, ಗುಂಟೆಗೆ 16 ಆಣೆ. ಇಂದಿನ ಯಾವ ಪಾಲೂ ಈ ಲೆಕ್ಕದಿಂದ ತಪ್ಪಿಸಿಕೊಳ್ಳಲಾರದು.

ಒಂದು ಉದಾಹರಣೆ ಬಿಡಿಸಿ ನೋಡೋಣ. ಒಂದು ಸರ್ವೆ ನಂಬರಿನ ಒಟ್ಟು ವಿಸ್ತೀರ್ಣ 3 ಎಕರೆ 20 ಗುಂಟೆ, ಅದರಲ್ಲಿ ಖರಾಬು, ಅಂದರೆ ಸಾಗುವಳಿಯ ಲೆಕ್ಕಕ್ಕೆ ಬಾರದ ಜಾಗ, 8 ಗುಂಟೆ, ಉಳಿದದ್ದು 3 ಎಕರೆ 12 ಗುಂಟೆ. ಮೂವರು ಅಣ್ಣತಮ್ಮಂದಿರು. ಸರಿಯಾದ ಲೆಕ್ಕ ಹೀಗೆ: 3 ಎಕರೆ 12 ಗುಂಟೆ ಅಂದರೆ 132 ಗುಂಟೆ, ಮೂರು ಪಾಲು ಮಾಡಿದರೆ ತಲಾ 44 ಗುಂಟೆ, ಅಂದರೆ 1 ಎಕರೆ 4 ಗುಂಟೆ. ಆದರೆ ರಾಜಿ ಅರ್ಜಿಗಳಲ್ಲಿ ಎರಡು ಬಗೆಯ ಎಡವಟ್ಟು ಪದೇಪದೇ ಕಾಣುತ್ತವೆ. ಮೊದಲನೆಯದು, ಖರಾಬನ್ನೂ ಸೇರಿಸಿ 140 ಗುಂಟೆಯನ್ನು ಮೂರು ಭಾಗ ಮಾಡುವುದು. ಆಗ ಮೂರೂ ಪಾಲು ಕೂಡಿದರೆ ಹಂಚಬಹುದಾದ ಜಮೀನಿಗಿಂತ 8 ಗುಂಟೆ ಹೆಚ್ಚು. ಎರಡನೆಯದು ಇನ್ನೂ ಕೆಟ್ಟದ್ದು. ಪಹಣಿಯ 3-12 ಅನ್ನು ಟೈಪಿಸ್ಟು 3.12 ಎಕರೆ ಎಂದು ಕುಟ್ಟುತ್ತಾನೆ. ದಶಮಾಂಶವಾಗಿ ಓದಿದರೆ ಅದು 124.8 ಗುಂಟೆ. ಏಳು ಗುಂಟೆಗಿಂತ ಹೆಚ್ಚು ಜಮೀನು ಒಂದು ಚುಕ್ಕೆಯಲ್ಲಿ ಮಾಯ. ಇದೇ ತಪ್ಪಿನ ಇನ್ನೊಂದು ಮುಖ 3 ಎಕರೆ 20 ಗುಂಟೆಯನ್ನು 3.5 ಎಂದು ಬರೆಯುವುದು. ಕಂದಾಯ ಕಚೇರಿಯಲ್ಲಿ ಅದನ್ನು 3 ಎಕರೆ 5 ಗುಂಟೆ ಎಂದು ಓದಿದರೆ ಯಾರನ್ನೂ ಬೈಯುವಂತಿಲ್ಲ. ಚುಕ್ಕೆ, ಗೀಟು ಎರಡನ್ನೂ ಬಿಟ್ಟು 'ಎಕರೆ', 'ಗುಂಟೆ' ಎಂದು ಅಕ್ಷರದಲ್ಲಿ ಬರೆಯಿರಿ, ಕೊನೆಗೆ ಎಲ್ಲ ಪಾಲು ಕೂಡಿಸಿ ಆಕಾರಬಂದ್‌ಗೆ ತಾಳೆ ನೋಡಿ. ಪಹಣಿಗಲ್ಲ, ಆಕಾರಬಂದ್‌ಗೆ. ಪಹಣಿಯಲ್ಲಿ ಹತ್ತು ಕೈ ಆಡಿರುತ್ತವೆ, ಎರಡಕ್ಕೂ ವ್ಯತ್ಯಾಸವಿದ್ದರೆ ರಾಜಿಗೆ ಮೊದಲೇ ತಿದ್ದುಪಡಿ ಮಾಡಿಸಬೇಕು.

ಖರಾಬಿನ ಬಗ್ಗೆ ಇನ್ನೊಂದು ಮಾತು. ಎ ಖರಾಬು ಉಳುಮೆಗೆ ಬಾರದ ಬಂಡೆ, ದಿಣ್ಣೆಯಂಥದ್ದು, ಅದು ಹಿಡುವಳಿದಾರನ ಕೈಯಲ್ಲೇ ಇರುತ್ತದೆ. ಬಿ ಖರಾಬು ಹಳ್ಳ, ದಾರಿ, ಸ್ಮಶಾನದಂಥ ಸಾರ್ವಜನಿಕ ಉಪಯೋಗದ ಜಾಗ. ಅದನ್ನು ಅಣ್ಣತಮ್ಮಂದಿರು ಹಂಚಿಕೊಳ್ಳುವಂತಿಲ್ಲ. ಎ ಖರಾಬು ಯಾರ ಪಾಲಿನೊಳಗೆ ಬೀಳುತ್ತದೆ ಎಂದು ರಾಜಿಯಲ್ಲಿ ಬರೆಯದಿದ್ದರೆ ಪೋಡಿ ಮಾಡುವಾಗ, ಅಂದರೆ ಸರ್ವೆ ನಂಬರನ್ನು ಪಾಲಿಗೆ ತಕ್ಕಂತೆ ಒಡೆಯುವಾಗ, ಅದೇ ಹೊಸ ತಕರಾರು. ಇವತ್ತಿನ ಬಂಡೆ ನಾಳೆ ಜೆಸಿಬಿ ಬಂದರೆ ತೋಟವಾಗುತ್ತದೆ ಎಂಬುದು ಎಲ್ಲರಿಗೂ ಗೊತ್ತು.

ಇನ್ನು ಚೆಕ್ಕುಬಂದಿ, ಅಂದರೆ ನಾಲ್ಕು ದಿಕ್ಕಿನ ಗಡಿ. ದಾವಾ ಪತ್ರದ ಷೆಡ್ಯೂಲನ್ನೇ (ಆಸ್ತಿಯ ವಿವರದ ಪಟ್ಟಿ) ರಾಜಿಗೂ ನಕಲು ಹೊಡೆಯುವುದು ರೂಢಿ, ದಾವಾ ಪತ್ರದ ಷೆಡ್ಯೂಲು ಬಂದದ್ದು ಅಜ್ಜನ ಕಾಲದ ಕ್ರಯಪತ್ರದಿಂದ. ಪೂರ್ವಕ್ಕೆ ಇಂಥವರ ಜಮೀನು ಎಂದು ಬರೆದಿರುವ ಆ ಇಂಥವರು ತೀರಿಕೊಂಡು, ಅವರ ಮಕ್ಕಳೂ ಮಾರಿಕೊಂಡು ಹೋಗಿರುತ್ತಾರೆ. ಹೆಸರಿನ ಜೊತೆ ಪಕ್ಕದ ಸರ್ವೆ ನಂಬರನ್ನೂ ಬರೆದರೆ ಈ ತೊಂದರೆ ಇಲ್ಲ. ಒಳಗಿನ ಗಡಿಗಳಿಗೆ ಒಂದು ಸುಲಭ ಪರೀಕ್ಷೆ ಇದೆ: ಹಿರಿಯವನ ಪಾಲಿಗೆ ಪೂರ್ವದಲ್ಲಿ ನಡುವಿನವನ ಪಾಲು ಎಂದಿದ್ದರೆ, ನಡುವಿನವನ ಷೆಡ್ಯೂಲಿನಲ್ಲಿ ಪಶ್ಚಿಮಕ್ಕೆ ಹಿರಿಯವನ ಪಾಲು ಎಂದೇ ಇರಬೇಕು. ಇಷ್ಟು ನೋಡಲು ಐದು ನಿಮಿಷ ಸಾಕು, ಆದರೂ ನೋಡುವವರು ಕಡಿಮೆ.

ಎಲ್ಲಕ್ಕಿಂತ ಒಳ್ಳೆಯ ದಾರಿ ಎಂದರೆ ರಾಜಿಗೆ ಮುಂಚೆ ಜಮೀನು ಅಳೆಸಿ, ಪಾಲುಗಳನ್ನು ಬೇರೆ ಬೇರೆ ಬಣ್ಣದಲ್ಲಿ ಗುರುತಿಸಿದ ನಕ್ಷೆ ಮಾಡಿಸಿ, ಅದರ ಮೇಲೆ ಎಲ್ಲರ ಸಹಿ ಹಾಕಿಸಿ, ಈ ನಕ್ಷೆ ಡಿಕ್ರಿಯ ಭಾಗ ಎಂದು ಅರ್ಜಿಯಲ್ಲೇ ಹೇಳಿಬಿಡುವುದು. ಸರ್ವೆ ನಂಬರು ತುಂಡಾಗುವಾಗ ಬೇಕಾಗುವ ಸರ್ವೆ ಇಲಾಖೆಯ 11ಇ ನಕ್ಷೆಗೆ ಇದು ಬದಲಿಯಲ್ಲ, ಆದರೆ ಅದನ್ನು ಮಾಡುವವರಿಗೆ ಊಹೆಗೆ ಜಾಗ ಬಿಡುವುದಿಲ್ಲ. ಬಾಯಿಮಾತಿನ ಪಾಲಿನಂತೆ ಇಪ್ಪತ್ತು ವರ್ಷದಿಂದ ಉಳುತ್ತಿದ್ದೇವೆ, ಅಳೆಸುವುದೇನಿದೆ ಎಂದು ಕೇಳುವವರು ಇದ್ದಾರೆ. ಅಂಥಲ್ಲೇ ಅಳೆಸಬೇಕು. ಅನುಭವದಲ್ಲಿರುವ ಬದು ಒಂದು ಕಡೆ, ಕಾಗದದ 44 ಗುಂಟೆ ಮುಗಿಯುವುದು ಇನ್ನೊಂದು ಕಡೆ ಇರುತ್ತದೆ. ಯಾವುದು ಗೆಲ್ಲಬೇಕು ಎಂದು ರಾಜಿಯಲ್ಲೇ ತೀರ್ಮಾನವಾಗಬೇಕು.

ಜಮೀನಿಗಿಂತ ಹೆಚ್ಚು ಜಗಳ ದಾರಿ ಮತ್ತು ನೀರಿಗೆ. 'ಎಲ್ಲರೂ ದಾರಿಯನ್ನು ಹಿಂದಿನಂತೆ ಬಳಸತಕ್ಕದ್ದು' ಎಂಬ ಸಾಲು ಯಾವ ಕೆಲಸಕ್ಕೂ ಬರುವುದಿಲ್ಲ. ಹಿಂದೆ ಎತ್ತಿನ ಗಾಡಿ ಹೋಗುತ್ತಿತ್ತು, ಈಗ ಟ್ರ್ಯಾಕ್ಟರು, ಕಟಾವು ಯಂತ್ರ ಹೋಗಬೇಕು. ದಾರಿ ಎಲ್ಲಿಂದ ಹೊರಟು, ಯಾರ ಪಾಲಿನ ಯಾವ ಬದುವಿನ ಗುಂಟ ಸಾಗಿ, ಎಲ್ಲಿ ಮುಗಿಯುತ್ತದೆ, ಅಗಲ ಎಷ್ಟು ಅಡಿ, ಅದಕ್ಕೆ ಹೋಗುವ ಜಾಗ ಯಾರ ಲೆಕ್ಕದಿಂದ ಕಳೆಯುತ್ತದೆ, ಇಷ್ಟನ್ನೂ ಬರೆಯಬೇಕು. 330 ಅಡಿ ಉದ್ದ, 12 ಅಡಿ ಅಗಲದ ದಾರಿ ಸುಮಾರು ಮೂರೂವರೆ ಗುಂಟೆ ತಿನ್ನುತ್ತದೆ, ಅದನ್ನು ಒಬ್ಬನೇ ಹೊರಬೇಕೋ ಮೂವರೂ ಹೊರಬೇಕೋ ಎಂದು ಹೇಳದಿದ್ದರೆ ಒಳಗಿನವನಿಗೆ ದಾರಿ ಸಿಗುವುದಿಲ್ಲ. ಬೋರ್‌ವೆಲ್ ಹಂಚಿಕೆಯೂ ಹಾಗೇ. ಯಾರಿಗೆ ಯಾವ ದಿನ, ಎಷ್ಟು ಗಂಟೆ, ಪಂಪ್‌ಸೆಟ್ಟಿನ ಆರ್‌ಆರ್ ನಂಬರು (ವಿದ್ಯುತ್ ಸಂಪರ್ಕದ ನಂಬರು) ಯಾರ ಹೆಸರಲ್ಲಿ ಉಳಿಯುತ್ತದೆ, ಮೋಟಾರು ಸುಟ್ಟರೆ ರಿಪೇರಿ ಖರ್ಚು ಯಾವ ಪ್ರಮಾಣದಲ್ಲಿ, ಪೈಪು ಯಾರ ಪಾಲಿನಡಿ ಹಾಯುತ್ತದೆ, ಮತ್ತು ಮುಖ್ಯವಾಗಿ, ನೀರು ಬತ್ತಿ ಹೊಸದು ಕೊರೆಸಿದರೆ ಅದು ಕೊರೆಸಿದವನದೇ ಅಥವಾ ಎಲ್ಲರದೇ. ಗಂಟೆ ಲೆಕ್ಕ ಬರೆಯುವಾಗ ತ್ರೀಫೇಸ್ ವಿದ್ಯುತ್ ಬರುವ ವೇಳೆ ಬದಲಾಗುತ್ತಿರುತ್ತದೆ ಎಂಬುದನ್ನು ಮರೆಯಬೇಡಿ. ಬೆಳಿಗ್ಗೆ 6ರಿಂದ 10 ಎಂದು ಬರೆಯುವುದಕ್ಕಿಂತ ಸರದಿಯ ದಿನ ಬರೆಯುವುದು ಲೇಸು.

ಯಾರ್ಯಾರು ಸಹಿ ಹಾಕಬೇಕು? ಸಿವಿಲ್ ಪ್ರಕ್ರಿಯಾ ಸಂಹಿತೆಯ ಆದೇಶ 23 ನಿಯಮ 3ರ ಪ್ರಕಾರ ರಾಜಿ ಬರಹದಲ್ಲಿರಬೇಕು, ಪಕ್ಷಗಾರರ ಸಹಿ ಇರಬೇಕು, ಒಪ್ಪಂದ ಕಾನೂನುಬದ್ಧವಾಗಿರಬೇಕು. ತೊಂದರೆ ಬರುವುದು ಸಹಿ ಹಾಕದೆ ಹೊರಗುಳಿದವರಿಂದ, ಅವರು ಬಹುತೇಕ ಹೆಣ್ಣುಮಕ್ಕಳು. ಹಿಂದೂ ಉತ್ತರಾಧಿಕಾರ ಕಾಯ್ದೆಯ 2005ರ ತಿದ್ದುಪಡಿಯಿಂದ ಹಿಂದೂ ಅವಿಭಕ್ತ ಕುಟುಂಬದ ಪಿತ್ರಾರ್ಜಿತ ಆಸ್ತಿಯಲ್ಲಿ ಮಗಳಿಗೂ ಮಗನಷ್ಟೇ ಹಕ್ಕು, ತಿದ್ದುಪಡಿ ಜಾರಿಗೆ ಬಂದ ದಿನಕ್ಕೆ ತಂದೆ ಬದುಕಿರಬೇಕಿಲ್ಲ ಎಂದು ಸುಪ್ರೀಂ ಕೋರ್ಟ್ 2020ರ ಆಗಸ್ಟ್‌ನಲ್ಲಿ ಖಚಿತಪಡಿಸಿದೆ. 'ಅಕ್ಕ ಏನೂ ಕೇಳುವುದಿಲ್ಲ' ಎಂಬ ನಂಬಿಕೆಯ ಮೇಲೆ ಆದ ರಾಜಿ ಅಕ್ಕನನ್ನು ಕಟ್ಟಿಹಾಕುವುದಿಲ್ಲ. ಆಕೆಯನ್ನು ದಾವೆಗೆ ಸೇರಿಸಿ, ಪಾಲೋ ಹಣವೋ ಏನು ಕೊಡುತ್ತೀರೆಂದು ಬರೆದು, ಆಕೆಯ ಸಹಿ ಪಡೆಯಿರಿ. ದಾವೆಯ ನಡುವೆ ಯಾರಾದರೂ ತೀರಿಕೊಂಡಿದ್ದರೆ ಅವರ ವಾರಸುದಾರರನ್ನು ದಾಖಲೆಗೆ ತಂದ ಮೇಲೆಯೇ ರಾಜಿ.

ಅಪ್ರಾಪ್ತ ಮಕ್ಕಳಿದ್ದರೆ ಆದೇಶ 32 ನಿಯಮ 7 ಅಡ್ಡ ಬರುತ್ತದೆ. ಪೋಷಕರ ಸಹಿ ಒಂದೇ ಸಾಲದು, ಕೋರ್ಟಿನ ಅನುಮತಿ ಬೇಕು, ಆ ಅನುಮತಿ ಆದೇಶದಲ್ಲಿ ಸ್ಪಷ್ಟವಾಗಿ ದಾಖಲಾಗಬೇಕು. ಇಲ್ಲದಿದ್ದರೆ ರಾಜಿಯನ್ನು ತಳ್ಳಿಹಾಕುವ ಆಯ್ಕೆ ಆ ಮಗುವಿನ ಕೈಯಲ್ಲಿ ಉಳಿಯುತ್ತದೆ.

ಹಣ ಕೊಟ್ಟು ಪಾಲು ಸರಿದೂಗಿಸುವಾಗ 'ಮೂರು ತಿಂಗಳೊಳಗೆ ಕೊಡತಕ್ಕದ್ದು' ಎಂದಷ್ಟೇ ಬರೆದು ನಿಲ್ಲಿಸಬೇಡಿ. ಕೊನೆಯ ದಿನಾಂಕ, ತಪ್ಪಿದರೆ ಬಡ್ಡಿ ದರ, ಹಣ ಮುಟ್ಟುವವರೆಗೆ ಯಾವ ಪಾಲಿನ ಮೇಲೆ ಅದರ ಹೊಣೆ, ಅಮಲ್ಜಾರಿ (ಕೋರ್ಟಿನ ಮೂಲಕ ಡಿಕ್ರಿ ಜಾರಿ ಮಾಡಿಸುವುದು) ಮೂಲಕ ವಸೂಲಿ ಮಾಡುವ ಹಕ್ಕು, ನಾಲ್ಕೂ ಇರಲಿ. ಸಾಧ್ಯವಾದರೆ ರಾಜಿಯ ದಿನವೇ ಡಿಡಿ ಕೈ ಬದಲಾಗಿ, ಅದರ ನಂಬರು ಆದೇಶದಲ್ಲಿ ದಾಖಲಾಗಲಿ. ಮುಂದಿನ ದಿನಾಂಕದ ಚೆಕ್ಕು ನಂಬಿ ಹಕ್ಕು ಬಿಟ್ಟುಕೊಡುವುದು ಬುದ್ಧಿವಂತಿಕೆ ಅಲ್ಲ.

ನೋಂದಣಿ ಬೇಕೇ ಎಂಬ ಪ್ರಶ್ನೆಗೆ ಉತ್ತರ 1908ರ ನೋಂದಣಿ ಕಾಯ್ದೆಯ 17(2)(6)ರಲ್ಲಿದೆ. ದಾವೆಯಲ್ಲಿರುವ ಆಸ್ತಿಯ ಮಟ್ಟಿಗೆ, ಮೊದಲೇ ಹಕ್ಕಿದ್ದವರ ನಡುವಿನ ರಾಜಿ ಡಿಕ್ರಿಗೆ ನೋಂದಣಿ ಬೇಡ. ದಾವೆಯಲ್ಲಿಲ್ಲದ ಇನ್ನೊಂದು ಸೈಟನ್ನು 'ಇರಲಿ, ಇದನ್ನೂ ಸೇರಿಸೋಣ' ಎಂದು ತುರುಕಿದರೆ ಅಥವಾ ಹಕ್ಕೇ ಇಲ್ಲದವನಿಗೆ ಹೊಸದಾಗಿ ಜಮೀನು ಕೊಟ್ಟರೆ ನೋಂದಣಿ ಬೇಕು. ಅಂತಿಮ ಡಿಕ್ರಿಯನ್ನು ಛಾಪಾ ಕಾಗದದ ಮೇಲೆ ಬರೆಸುವ ಖರ್ಚನ್ನು ಮುಂದೂಡುತ್ತಾ ಕೂರುವವರಿಗೆ ಒಂದು ಎಚ್ಚರಿಕೆ: ಅಮಲ್ಜಾರಿಯ 12 ವರ್ಷ ಡಿಕ್ರಿಯ ದಿನದಿಂದಲೇ ಓಡುತ್ತದೆ, ಛಾಪಾ ಕಾಗದ ಕೊಟ್ಟ ದಿನದಿಂದಲ್ಲ. ಸುಪ್ರೀಂ ಕೋರ್ಟ್ ಇದನ್ನು 2005ರಲ್ಲೇ ಹೇಳಿದೆ.

ರಾಜಿ ಎಲ್ಲಿ ಮಾಡಿಕೊಳ್ಳಬೇಕು? ಕೋರ್ಟಿನಲ್ಲೇ, ಮಧ್ಯಸ್ಥಿಕೆ ಕೇಂದ್ರದಲ್ಲಿ ಅಥವಾ ಲೋಕ ಅದಾಲತ್‌ನಲ್ಲಿ. ಮಧ್ಯಸ್ಥಿಕೆಯಲ್ಲಿ ಕುಳಿತು ಮಾತಾಡಲು ಸಮಯ ಸಿಗುತ್ತದೆ. ಲೋಕ ಅದಾಲತ್‌ನಲ್ಲಿ ಶುಲ್ಕ ವಾಪಸು ಬರುತ್ತದೆ, ಅದರ ತೀರ್ಪು 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆಯ 21ನೇ ಕಲಮಿನಂತೆ ಡಿಕ್ರಿಗೆ ಸಮ, ಮೇಲ್ಮನವಿ ಇಲ್ಲ. ಮೋಸ ಆಗಿದೆ ಎನ್ನುವವರು ಹೈಕೋರ್ಟಿಗೆ ರಿಟ್ ಹಾಕಬೇಕು. ಅದೇ ಸಾಮಾನ್ಯ ರಾಜಿ ಡಿಕ್ರಿಯಾದರೆ ಡಿಕ್ರಿ ಮಾಡಿದ ಕೋರ್ಟಿನ ಮುಂದೆಯೇ ಹೋಗಬಹುದು, ಬೇರೆ ದಾವೆ ಹೂಡಲು ಮಾತ್ರ ಬರುವುದಿಲ್ಲ. ಹಾಗಾಗಿ ಹಣದ ವ್ಯಾಜ್ಯ, ಅಪಘಾತದ ಪರಿಹಾರ ಲೋಕ ಅದಾಲತ್‌ಗೆ ಚೆನ್ನಾಗಿ ಹೊಂದುತ್ತವೆ. ಹತ್ತು ಸರ್ವೆ ನಂಬರಿನ ಪಾಲನ್ನು ಆ ದಿನದ ನೂಕುನುಗ್ಗಲಿನಲ್ಲಿ ಕೂತು ಬರೆಸುವುದು ಬೇಡ. ಹೋಗುವುದಾದರೆ ವಾರ ಮೊದಲೇ ಕರಡು ಸಿದ್ಧವಿರಲಿ, ಅದು ಕನ್ನಡದಲ್ಲೇ ಇರಲಿ. ಸಹಿ ಹಾಕುವವರು ಸ್ವತಃ ಓದಲಾಗದ ಇಂಗ್ಲಿಷ್ ರಾಜಿಪತ್ರ ಮುಂದೆ 'ನನಗೆ ಓದಿ ಹೇಳಿರಲಿಲ್ಲ' ಎಂಬ ತಕರಾರಿಗೆ ಬಾಗಿಲು.

ಹೊಡೆದಾಟದ ಕೇಸುಗಳಿದ್ದರೆ ಅವೂ ಇದರೊಂದಿಗೇ ಮುಗಿಯುತ್ತವೆ ಎಂದುಕೊಳ್ಳಬಾರದು. ಕಾನೂನು ರಾಜಿಗೆ ಬಿಟ್ಟಿರುವ ಅಪರಾಧಗಳು ಮಾತ್ರ ಆಯಾ ಕೋರ್ಟಿನಲ್ಲಿ ರಾಜಿಯಾಗುತ್ತವೆ, ಉಳಿದವಕ್ಕೆ ಹೈಕೋರ್ಟೇ ದಾರಿ.

ಡಿಕ್ರಿ ಕೈಗೆ ಬಂದ ಮೇಲೆ ಪ್ರತಿ ಪಾಲುದಾರನೂ ದೃಢೀಕೃತ ನಕಲು ಪಡೆದು ಹಕ್ಕು ಬದಲಾವಣೆಗೆ ಅರ್ಜಿ ಹಾಕಬೇಕು. ಕಚೇರಿಗೆ ತಾನಾಗಿ ಸುದ್ದಿ ಹೋಗುತ್ತದೆ ಎಂದು ಕಾಯಬೇಡಿ, ಭೂಕಂದಾಯ ಕಾಯ್ದೆಯ 128ನೇ ಕಲಮು ವರದಿ ಮಾಡುವ ಹೊಣೆಯನ್ನು ಹಕ್ಕು ಪಡೆದವನ ಮೇಲೆಯೇ ಹಾಕಿದೆ. ಹೊಸ ಪಹಣಿ ಬಂದಾಗ 9ನೇ ಕಾಲಂನಲ್ಲಿ ಹೆಸರು, ವಿಸ್ತೀರ್ಣ ನೋಡಿ ಖುಷಿಯಾಗಿ ಮಡಚಿಡುವವರೇ ಹೆಚ್ಚು, ಸಾಲ, ಋಣ ಬರೆಯುವ 11ನೇ ಕಾಲಂ ಕೂಡ ನೋಡಿ. ಅಪ್ಪನ ಕಾಲದ ಬ್ಯಾಂಕು ಅಥವಾ ಸೊಸೈಟಿ ಸಾಲ ತೀರಿಸದೆ, ಪಹಣಿಯಿಂದ ಋಣದ ನಮೂದು ತೆಗೆಸದೆ ಪಾಲಾಗಿದ್ದರೆ ಅದು ಎಲ್ಲ ಹಿಸ್ಸೆಗಳಿಗೂ ಅಂಟಿಕೊಂಡು ಬರುತ್ತದೆ. ಸಾಲ ತೀರಿಸುವವರು ಯಾರೆಂದು ರಾಜಿಯಲ್ಲಿ ಬರೆದಿದ್ದರೆ ಆತನನ್ನು ಕೇಳಬಹುದು. ಬರೆದಿಲ್ಲದಿದ್ದರೆ ಬ್ಯಾಂಕು ಯಾರನ್ನು ಬೇಕಾದರೂ ಕೇಳುತ್ತದೆ. ಊರೊಳಗಿನ ಮನೆ, ಹಿತ್ತಲು, ಕಣದ ಜಾಗ ಪಹಣಿಗೆ ಬರುವುದೇ ಇಲ್ಲ, ಅವುಗಳ ಖಾತೆಗೆ ಅದೇ ಡಿಕ್ರಿಯ ಇನ್ನೊಂದು ನಕಲಿನೊಂದಿಗೆ ಗ್ರಾಮ ಪಂಚಾಯಿತಿಯಲ್ಲಿ ಬೇರೆಯೇ ಅರ್ಜಿ ಹಾಕಬೇಕು.