ಸಿಪ್ಪೆ ಒಣಗಿತ್ತು, ಆದ್ರೂ ಹೊಗೆ

ಮಂಡ್ಯದ ಹತ್ತಿರ ನಮ್ಮ ಚಿಕ್ಕಪ್ಪನ ಆಲೆಮನೆ ಇದೆ. ಹೋದ ಸಲ ಊರಿಗೆ ಹೋದಾಗ ಕೊಪ್ಪರಿಗೆ ಒಲೆಗೆ ಕಬ್ಬಿನ ಸಿಪ್ಪೆ ತಳ್ಳುವ ಕೆಲಸ ನನ್ನ ಪಾಲಿಗೆ ಬಂತು. ಬಿಸಿಲಲ್ಲಿ ಹರಡಿ ಒಣಗಿಸಿದ ಸಿಪ್ಪೆ, ಮುರಿದರೆ ಚಟಚಟ ಅನ್ನುತ್ತಿತ್ತು. ಆಮೇಲೆ ಎರಡು ದಿನ ಜಿಟಿಜಿಟಿ ಮಳೆ. ಸಿಪ್ಪೆ ಶೀಟಿನ ಕೆಳಗಿತ್ತು, ಒಂದು ಹನಿಯೂ ಬಿದ್ದಿರಲಿಲ್ಲ. ಆದರೂ ಬೆಂಕಿ ಹಾಕಿದರೆ ಬರೀ ಹೊಗೆ, ಕಣ್ಣೆಲ್ಲ ಉರಿ, ಪಾಕ ಏರುವ ಲಕ್ಷಣವೇ ಇಲ್ಲ.

'ಸಿಪ್ಪೆ ತಂಡಿ ಎಳ್ಕಂಡದೆ ಕಣ್ಲಾ' ಅಂದರು ಚಿಕ್ಕಪ್ಪ.

ಈ ಮಾತು ತಲೆಯಲ್ಲೇ ಉಳಿಯಿತು. ಕಬ್ಬಿನ ನೀರು ಅಂದರೆ ನಮಗೆ ಹಾಲು ಅಷ್ಟೇ, ಅಲ್ವಾ? ಬಲಿತ ಜಲ್ಲೆಯ ತೂಕದಲ್ಲಿ ನೂರಕ್ಕೆ ಸುಮಾರು 70 ಪಾಲು ನೀರೇ. ಸುಳಿಯ ಕಡೆ ಹೋದಂತೆ ಅದು 80 ದಾಟುತ್ತದೆ, ಸಕ್ಕರೆ ಕಡಿಮೆಯಾಗುತ್ತದೆ. ಅದಕ್ಕೇ ಚಿಕ್ಕಂದಿನಲ್ಲಿ ಬುಡದ ತುಂಡಿಗೆ ಜಗಳ ಆಡುತ್ತಿದ್ದೆವು, ತುದಿ ಸಿಕ್ಕವರು ಸಪ್ಪೆ ನೀರು ಕುಡಿದು ಮುಖ ಸಿಂಡರಿಸುತ್ತಿದ್ದರು. ಗೆಣ್ಣು ಬೇರೆಯೇ ಕತೆ: ನಾರು ಜಾಸ್ತಿ, ಹಾಲು ಕಡಿಮೆ, ಹಲ್ಲಿಗೆ ಕಷ್ಟ.

ಇದೆಲ್ಲ ಹಿಂಡಿದರೆ ಬರುವ ನೀರು. ಇನ್ನೊಂದು ನೀರಿದೆ, ಅದು ನಾರಿಗೇ ಅಂಟಿಕೊಂಡಿರುತ್ತದೆ. ಎಷ್ಟು ಹಿಂಡಿದರೂ ಬಿಡುವುದಿಲ್ಲ, ತನ್ನೊಳಗೆ ಸಕ್ಕರೆಯನ್ನೂ ಕರಗಿಸಿಕೊಳ್ಳುವುದಿಲ್ಲ. 100 ಕೆಜಿ ಒಣ ನಾರು ಸುಮಾರು 25 ಕೆಜಿ ನೀರನ್ನು ಹೀಗೆ ಹಿಡಿದಿಟ್ಟುಕೊಳ್ಳುತ್ತದೆ. ಕಣ್ಣಿಗೆ ಕಾಣದ ನೀರನ್ನು ಅಳೆಯುವ ಉಪಾಯ ನನಗೆ ತುಂಬಾ ಹಿಡಿಸಿತು. ಚೆನ್ನಾಗಿ ತೊಳೆದು ಪೂರ್ತಿ ಒಣಗಿಸಿದ ನಾರನ್ನು ಸಕ್ಕರೆ ನೀರಿನಲ್ಲಿ ನೆನೆಸುತ್ತಾರೆ. ನಾರು ನೀರನ್ನು ಮಾತ್ರ ಎಳೆದುಕೊಂಡು ಸಕ್ಕರೆಯನ್ನು ಹೊರಗೇ ಬಿಡುತ್ತದೆ, ಹಾಗಾಗಿ ಉಳಿದ ದ್ರಾವಣ ಮೊದಲಿಗಿಂತ ಸ್ವಲ್ಪ ಸಿಹಿಯಾಗುತ್ತದೆ! ಎಷ್ಟು ಸಿಹಿಯಾಯಿತು ಅಂತ ನೋಡಿದರೆ ನಾರು ಎಷ್ಟು ನೀರು ನುಂಗಿತು ಅಂತ ಲೆಕ್ಕ ಸಿಗುತ್ತದೆ.

ಒಣಗಿದ ಮೇಲೂ ನಾರಿನ ಈ ಚಾಳಿ ಹೋಗುವುದಿಲ್ಲ. ಗಾಳಿಯಲ್ಲಿ ತೇವ ಇದ್ದರೆ ಸಾಕು, ಮತ್ತೆ ಎಳೆದುಕೊಳ್ಳುತ್ತದೆ. ನಮ್ಮ ಒಲೆಯಲ್ಲಿ ಆದದ್ದು ಇದೇ. ಬೆಂಕಿಯ ಒಂದು ಪಾಲು ಆ ನೀರನ್ನು ಓಡಿಸುವುದಕ್ಕೇ ಹೋಗುತ್ತಿತ್ತು. ದೊಡ್ಡ ಕಾರ್ಖಾನೆಗಳ ಗಿರಣಿಯಿಂದ ಬರುವ ಸಿಪ್ಪೆಯಲ್ಲೂ ತೂಕದ ಸುಮಾರು ಅರ್ಧ ನೀರೇ, ಅವರ ಬಾಯ್ಲರ್ ದೊಡ್ಡದು, ತಡೆದುಕೊಳ್ಳುತ್ತದೆ.

ಗದ್ದೆಯಲ್ಲಿ ನಿಂತ ಕಬ್ಬಿನ ನೀರನ್ನು ಅಳೆಯುವುದಕ್ಕೂ ಉಪಾಯವಿದೆ. ಹವಾಯಿಯಲ್ಲಿ ಕ್ಲೆಮೆಂಟ್ಸ್ ಅನ್ನುವ ವಿಜ್ಞಾನಿ ಜಲ್ಲೆಯನ್ನು ಬಿಟ್ಟು, ಅದನ್ನು ಸುತ್ತಿಕೊಂಡಿರುವ ಎಲೆಯ ಪೊರೆಯ ತೇವ ನೋಡುತ್ತಿದ್ದರು. ಮೇಲಿನಿಂದ 3ರಿಂದ 6ನೇ ಎಲೆಯ ಪೊರೆ. ಎಳೆ ಬೆಳೆಯಲ್ಲಿ ನೂರಕ್ಕೆ 85ರ ಆಸುಪಾಸು ಇರುವ ಆ ತೇವವನ್ನು, ನೀರು ಕಡಿಮೆ ಮಾಡುತ್ತಾ ಕಡಿಯುವ ಹೊತ್ತಿಗೆ 73ರ ಹತ್ತಿರಕ್ಕೆ ಇಳಿಸುವುದು ಲೆಕ್ಕ. ಆಗ ಬೆಳವಣಿಗೆ ನಿಂತು ಸಕ್ಕರೆ ಜಲ್ಲೆಯಲ್ಲಿ ಕೂರುತ್ತದೆ.

ಚಿಕ್ಕಪ್ಪನಿಗೆ ಇದನ್ನು ಹೇಳಿದೆ. 'ನಾವೂ ಹದಿನೈದು ದಿನ ಮುಂಚೆ ನೀರು ನಿಲ್ಸಲ್ವಾ' ಅಂದರು. ನಿಜ, ಆದರೆ ಬೆಲ್ಲ ಮಾಡುವವರು ಮಾತ್ರ. ಪಕ್ಕದ ಗದ್ದೆಯ ಕಬ್ಬು ಕಾರ್ಖಾನೆಗೆ ಹೋಗುತ್ತದೆ, ಟನ್ ಲೆಕ್ಕದಲ್ಲಿ ದುಡ್ಡು. ಅವರು ಕಡಿಯುವ ಹಿಂದಿನ ವಾರದವರೆಗೂ ಪಂಪು ಆರಿಸಲಿಲ್ಲ. ತಪ್ಪು ಅಂತ ಹೇಗೆ ಹೇಳೋದು? ಕಡಿದ ಕಬ್ಬು ಎರಡು ದಿನ ಕಾರ್ಖಾನೆ ಗೇಟಿನ ಮುಂದೆ ಬಿಸಿಲಲ್ಲಿ ನಿಂತು ಒಣಗಿದರೆ, ಆ ತೂಕ ಹೋಗುವುದು ಅವರ ಜೇಬಿನಿಂದಲೇ.

ಅವತ್ತು ನಮ್ಮ ಪಾಕ ಹದಕ್ಕೆ ಬರುವಾಗ ಕತ್ತಲಾಗಿತ್ತು. ಮರುದಿನ ಮೋಡ ಕಂಡ ತಕ್ಷಣ ಚಿಕ್ಕಪ್ಪ ಸಿಪ್ಪೆ ಮೇಲೆ ಟಾರ್ಪಾಲು ಎಳೆಸಿದರು, ಶೀಟಿನ ಕೆಳಗಿದ್ದರೂ.